ಹಾಡಿನಲ್ಲಿ ಉಳಿದ ಸೀಮೆ

ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತುದಕ್ಕೆ ದಾಖಲೆಯುಂಟು, ಜಹಗೀರುದಾರರ ಬಂಗಲೆಯುಂಟು, ಆ ಬಂಗಲೆಯನ್ನು ವಸ್ತುಸಂಗ್ರಹಾಲಯವಾಗಿ ಮಾಡಿ ನೋಡಬಂದವರಿಗೆ ತೋರಿಸುವ ಏರ್ಪಾಡೂ ಉಂಟು. ಅದೇ ಪೇಟೆಯಿಂದ ಗುಂಬಳ್ಳಿಯ ಚೆಕ್‌ಪೋಸ್ಟನ್ನು ದಾಟಿ ಮೇಲೇರಿದರೆ ಸಿಗುವ ಬಿಳಿಗಿರಿರಂಗನ ಬೆಟ್ಟದಲ್ಲಿ, ಜಹಗೀರಿಗಿಂತ ಎಷ್ಟೋ ಪೂರ್ವದಿಂದ ಬಾಳಿಕೊಂಡು ಬಂದ ಸೋಲಿಗರೆಂಬ ಬುಡಕಟ್ಟಿನವರಿಗಾದರೋ, ತಾವು ಅಲ್ಲಿದ್ದೆವೆಂಬುದನ್ನು ತೋರಿಸಿಕೊಡಲು ಯಾವ ಅರಸನ ಮುದ್ರೆಯೂ ಇರಲಿಲ್ಲ. ಇದ್ದುದು ಹಾಡು, ಕುಣಿತ, ಹಿರಿಯರನ್ನು ಮಣ್ಣುಮಾಡಿದ ಕಡೆ ನಿಲ್ಲಿಸಿದ ಕಲ್ಲುಗಳು, ಮತ್ತು ಬೆಟ್ಟದ ರಂಗನಾಥನನ್ನೇ ತಮ್ಮ ಮನೆಯ ಹೆಣ್ಣು ಕುಸುಮಾಲೆಯನ್ನು ವರಿಸಿದ ಭಾವನೆಂದು ಕರೆಯುವ ಸಲಿಗೆ.

1974ರಲ್ಲಿ ಸರ್ಕಾರವು ಈ ಬೆಟ್ಟಸಾಲನ್ನು ವನ್ಯಜೀವಿಧಾಮವೆಂದು ಘೋಷಿಸಿತು. ಅದರ ಬೆನ್ನಿಗೆ ಬೇಟೆ ನಿಂತಿತು. ಕಾಡಿನ ಒಂದು ತುಂಡನ್ನು ಸವರಿ, ಸುಟ್ಟು, ಬೂದಿಯಲ್ಲಿ ರಾಗಿ ಅವರೆ ಕುಂಬಳಗಳನ್ನು ಬೆಳೆದು, ಕೆಲವು ವರ್ಷಗಳ ತರುವಾಯ ಆ ನೆಲವನ್ನು ಕಾಡಿಗೇ ಬಿಟ್ಟು ಮುಂದಕ್ಕೆ ಸರಿಯುತ್ತಿದ್ದ ಬೇಸಾಯ ನಿಂತಿತು. ಒಳಗಾಡಿನಲ್ಲಿ ಚದುರಿದ್ದ ಪೋಡುಗಳೆಂಬ ಸೋಲಿಗರ ಊರುಗಳು ರಸ್ತೆಯ ಬದಿಗೂ ಕಾಡಿನ ಅಂಚಿಗೂ ಬಂದು ನಿಂತವು. ಜೇನು, ನೆಲ್ಲಿಕಾಯಿ, ಸೀಗೆ, ಕಲ್ಲುಹೂವುಗಳನ್ನು ಕೊಯ್ದು ಬುಡಕಟ್ಟಿನವರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಮಾರುವ ಒಂದು ದಾರಿ ಉಳಿದಿತ್ತು; 2006ರಲ್ಲಿ ಅದಕ್ಕೂ ತಡೆ ಬಿತ್ತು. ಮನುಷ್ಯನು ಎಲ್ಲಿಂದಲೂ ಬಾರದೆ, ಎಲ್ಲಿಗೂ ಹೋಗದೆ, ತಾನು ಹುಟ್ಟಿದ ನೆಲದಲ್ಲಿಯೇ ಅತಿಕ್ರಮಣದ ಆರೋಪಕ್ಕೆ ಗುರಿಯಾಗುವ ವಿಚಿತ್ರವು ಹೀಗೆ ಸಂಭವಿಸಿತು.

ಬೆಟ್ಟದಲ್ಲಿ ವನ್ಯಜೀವಿಧಾಮದ ಗೆರೆ ಎಳೆಯುತ್ತಿದ್ದ ವರ್ಷಗಳಲ್ಲಿಯೇ ಪೆಸಿಫಿಕ್ ಸಾಗರದ ನಡುವಣ ನ್ಯೂಜಿಲೆಂಡಿನಲ್ಲಿ ಬೇರೆ ಬಗೆಯ ಗೆರೆಯೊಂದು ಬಿದ್ದಿತ್ತು. ಸಮೋವಾ, ಟೋಂಗಾ ಮೊದಲಾದ ದ್ವೀಪಗಳಿಂದ ಕಾರ್ಖಾನೆಯ ದುಡಿಮೆಗೆಂದು ಆದರದಿಂದಲೇ ಬರಮಾಡಿಕೊಂಡಿದ್ದ ಜನರ ಮನೆಗಳಿಗೆ, ಆರ್ಥಿಕ ಮುಗ್ಗಟ್ಟು ಬಂದೊಡನೆ, ಬೆಳಕು ಹರಿಯುವ ಮುನ್ನ ಪೊಲೀಸರು ನುಗ್ಗಿ ರಹದಾರಿ ಕೇಳತೊಡಗಿದರು. ವೀಸಾದ ಅವಧಿ ಮೀರಿ ಉಳಿದವರಲ್ಲಿ ದ್ವೀಪದವರು ಮೂರರಲ್ಲಿ ಒಂದು ಪಾಲಾದರೆ, ಮೊಕದ್ದಮೆ ಹೂಡಿಸಿಕೊಂಡವರಲ್ಲಿ ಅವರು ನೂರಕ್ಕೆ 86 ಎಂದು 1980ರ ದಶಕದ ಲೆಕ್ಕ ಹೇಳಿತು. ಆ ಅವಮಾನವನ್ನು ದ್ವೀಪದವರ ಮಕ್ಕಳು ಮರೆಯಗೊಡಲಿಲ್ಲ. ಆಸ್ಕರ್ ಕೈಟ್ಲಿ 1997ರಲ್ಲಿ ಅದನ್ನು ನಾಟಕವಾಗಿ ರಂಗಕ್ಕೆ ತಂದರು, ಚಿತ್ರಗಳು ಬಂದವು. 2021ರ ಆಗಸ್ಟ್ 1ರಂದು ಆಕ್ಲೆಂಡಿನ ಪುರಭವನದಲ್ಲಿ ಪ್ರಧಾನಿ ಜಸಿಂಡಾ ಆರ್ಡರ್ನ್, ಸಮೋವಾದ ಸಂಪ್ರದಾಯದಂತೆ ತಲೆಯ ಮೇಲೆ ನೇಯ್ದ ಚಾಪೆಯನ್ನು ಹೊದಿಸಿಕೊಂಡು ಕುಳಿತು, ಅನಂತರ ಸರ್ಕಾರದ ಪರವಾಗಿ ಕ್ಷಮೆ ಬೇಡಿದರು.

ನಮ್ಮಲ್ಲಿ ಚಾಪೆ ಹೊದ್ದವರಿಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯಿದೆಯ ಪೀಠಿಕೆಯಲ್ಲಿ, ಕಾಡಿನಲ್ಲಿ ವಾಸಿಸುವ ಬುಡಕಟ್ಟಿನ ಜನರಿಗೆ ಐತಿಹಾಸಿಕ ಅನ್ಯಾಯವಾಗಿದೆಯೆಂದು ಸಂಸತ್ತೇ ಬರೆದುಕೊಂಡಿದೆ. ಕಾನೂನಿನ ಒಣ ಗದ್ಯದಲ್ಲಿ ಇಂಥ ತಪ್ಪೊಪ್ಪಿಗೆ ಅಪರೂಪದ್ದು; ಅದನ್ನು ನಮ್ಮ ಪತ್ರಿಕೆಗಳು ಸಾಕಷ್ಟು ಕೊಂಡಾಡಲಿಲ್ಲವೆಂದೇ ನನ್ನ ಭಾವನೆ.

ಇನ್ನು ಸೋಲಿಗರ ಕಲೆಯ ಮಾತು. ದಸರೆಯ ಮೆರವಣಿಗೆಯಲ್ಲಿಯೂ ಸರ್ಕಾರಿ ಉತ್ಸವಗಳಲ್ಲಿಯೂ ಗೊರುಕನ ಕುಣಿತವನ್ನು ಕಂಡವರು ಬಹಳ ಮಂದಿ. ಹೆಂಗಸರು ಗಂಡಸರು ಸುತ್ತುಗಟ್ಟಿ, ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿದು, ಮುಂದಕ್ಕೆ ಬಾಗಿ ಹಿಂದಕ್ಕೆ ಸರಿದು ಹೆಜ್ಜೆಹಾಕುವ ಆ ಕುಣಿತಕ್ಕೆ ಸೊಪ್ಪಿನ ಉಡುಗೆ ತೊಡಿಸಿ, ಐದು ನಿಮಿಷದೊಳಗೆ ಮುಗಿಸಿ, ಚಪ್ಪಾಳೆ ತಟ್ಟಿ ಕಳುಹಿಸುವುದು ನಮ್ಮ ಸಭಾಮರ್ಯಾದೆ. ಹೀಗೆ ತಟ್ಟುವ ಚಪ್ಪಾಳೆಯಲ್ಲಿ ಎಷ್ಟು ಆದರವೋ ಅಷ್ಟೇ ಕಿವುಡುತನವೂ ಇದೆ. ಏಕೆಂದರೆ, ಮರ ಹಕ್ಕಿ ಜೇನು ಮೃಗಗಳನ್ನು ಒಂದರ ಹಿಂದೊಂದಾಗಿ ಹೆಸರಿಸಿ ಹಾಡುವ ಆ ಜನಕ್ಕೆ ಅದು ಬರಿಯ ವಿನೋದವಲ್ಲ. ಹೊಸ ರಾಗಿ ಬಂದಾಗ ರೊಟ್ಟಿ ಸುಟ್ಟು ದೇವರಿಗೆ ಎಡೆಯಿಟ್ಟು, ಆಮೇಲೆ ತಾವು ಉಣ್ಣುವ ರೊಟ್ಟಿಹಬ್ಬದ ಇರುಳಿನಲ್ಲಿ ಅದೇ ಹಾಡಿಗೆ ಬೇರೆಯ ಬಲವುಂಟು. ಕಾಲಿಡಗೊಡದ ಕಾಡನ್ನು ಮೊಮ್ಮಕ್ಕಳು ತಿಳಿಯುವುದು ಅಲ್ಲಿಯೇ.

ಈ ನೆನಪು ನಕ್ಷೆಯ ರೂಪವನ್ನೂ ತಾಳಿತು. ಸೋಲಿಗರ ಪ್ರತಿ ಕುಲಕ್ಕೂ ಕಾಡಿನಲ್ಲಿ ಅದರದೇ ಆದ ಯಲ್ಲೆಯುಂಟು. ಪ್ರತಿ ಯಲ್ಲೆಗೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜೆಯ ನೆಲೆಗಳುಂಟು. ಭಾರ್ಗವಿ ಹೊಳೆಯ ತಟದಲ್ಲಿ ಲಿಂಗಗಳಿಗೆ ನೆರಳಾಗಿ ನಿಂತ ದೊಡ್ಡ ಸಂಪಿಗೆಯ ಮಹಾವೃಕ್ಷವನ್ನು ಪ್ರವಾಸಿಗರೂ ಬಲ್ಲರು; ಆದರೆ ಲಂಟಾನದ ಪೊದೆಯಲ್ಲಿ ಮುಚ್ಚಿಹೋದ ಹತ್ತು ಹಲವು ಕಲ್ಲುಗಳನ್ನು ಬಲ್ಲವರು ಹಿರಿಯರು ಮಾತ್ರ. ಅಂಥ ಹಿರಿಯರು ಮುಂದೆ ನಡೆದು ತೋರಿಸುತ್ತ, ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಸೋಲಿಗ ವಿದ್ವಾಂಸರಾದ ಸಿ. ಮಾದೇಗೌಡರೂ ಜೊತೆಗೂಡಿ ಗುರುತಿಸುತ್ತ ಹೋದಾಗ, ಇಂಥ 400ಕ್ಕೂ ಮಿಕ್ಕ ಪವಿತ್ರ ಸ್ಥಾನಗಳು ಒಂದೇ ಹಾಳೆಯ ಮೇಲೆ ಮೂಡಿದವು. ಅರಣ್ಯ ಹಕ್ಕು ಕಾಯಿದೆಯ ನಿಯಮಗಳಾದರೋ ಹಿರಿಯರ ಹೇಳಿಕೆಯನ್ನೂ ಸಮಾಧಿಸ್ಥಳಗಳನ್ನೂ ಪೂಜಾಸ್ಥಾನಗಳನ್ನೂ ಸಾಕ್ಷ್ಯವೆಂದು ಅಂಗೀಕರಿಸುತ್ತವೆ. ಕಲ್ಲುಗುಡಿಗೆ ಕೈಮುಗಿಯುವ ಅಜ್ಜನ ಮಾತು ಹೀಗೆ ಕಚೇರಿಯ ಕಡತದೊಳಕ್ಕೆ ಪ್ರವೇಶಿಸಿತು. ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ 2011ನೆಯ ವರ್ಷವೇ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿಯ ಕಾಡಿನಲ್ಲಿ ಇಂಥ ಹಕ್ಕು ಮನ್ನಣೆ ಪಡೆದುದು ದೇಶದಲ್ಲಿ ಅದೇ ಮೊದಲು.

ಲಂಟಾನದ ಮಾತು ಬಂದುದರಿಂದ ಇದೊಂದನ್ನು ಹೇಳಿಬಿಡಬೇಕು. ಯುರೋಪಿನವರು ತೋಟದ ಅಲಂಕಾರಕ್ಕೆಂದು ತಂದ ಈ ಗಿಡವು ಕಾಡನ್ನು ನುಂಗಿದುದು ತರಗು ಬೆಂಕಿ ನಿಂತಮೇಲೆಯೇ ಎಂಬುದು ಸೋಲಿಗರ ನಿಶ್ಚಿತ ಮತ. ಬೇಸಗೆಯ ಮೊದಲಿಗೆ ಒಣ ಎಲೆಯನ್ನಷ್ಟೇ ಸುಡುವಂತೆ ಹಚ್ಚುತ್ತಿದ್ದ ಆ ಸಣ್ಣ ಬೆಂಕಿಯನ್ನು ಕಾನೂನು ಅಪರಾಧವೆಂದಿತು. ಅದನ್ನು ಹಚ್ಚುತ್ತಿದ್ದವರ ಅರಿವನ್ನು ಕೇಳುವ ತಾಳ್ಮೆ ಆಗ ಯಾರಿಗೂ ಇರಲಿಲ್ಲ. ಹನೂರು ತಾಲೂಕಿನ ಮಲೆ ಮಹದೇಶ್ವರ ಬೆಟ್ಟದ ಕುಶಲಕರ್ಮಿಗಳು ಅದೇ ಲಂಟಾನವನ್ನು ಕಡಿದು ತಂದು, ಬೇಯಿಸಿ, ತೊಗಟೆ ಸುಲಿದು, ಬಳುಕುವ ಕೋಲುಗಳಿಂದ ಕುರ್ಚಿ ಮೇಜುಗಳನ್ನೂ ಕಾಡಾನೆಯಷ್ಟೇ ಎತ್ತರದ ಆನೆಗಳನ್ನೂ ಕಟ್ಟುತ್ತಾರೆ. ಅಂಥ ಆನೆಗಳ ಹಿಂಡು 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತಾಗ ನಗರದ ಮಕ್ಕಳು ಸೋಜಿಗಪಟ್ಟರು.

ಸ್ಮರಣೆಯೆಂಬುದು ಮುಗಿದುಹೋದ ಸಂಗತಿಗೆ ಸಲ್ಲುವುದಾದರೆ, ಇಲ್ಲಿಯದನ್ನು ಆ ಹೆಸರಿನಿಂದ ಕರೆಯುವುದು ತುಸು ಅವಸರವಾದೀತು. 2024ರ ಜೂನಿನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ಹುಲಿಯ ಕಾಡುಗಳೊಳಗಿನ ಹಳ್ಳಿಗಳ ಸ್ಥಳಾಂತರವನ್ನು ಚುರುಕುಗೊಳಿಸುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. ಮಲೆ ಮಹದೇಶ್ವರ ಬೆಟ್ಟವನ್ನೂ ಹುಲಿ ಸಂರಕ್ಷಿತ ಪ್ರದೇಶವಾಗಿ ಮಾಡಬೇಕೆಂಬ ಪ್ರಸ್ತಾಪವು ಬಹುಕಾಲದಿಂದ ಕೇಳಿಬರುತ್ತಿದೆ. ಕಾರಯ್ಯ ಬಿಲ್ಲಯ್ಯರೆಂಬವರ ಕಥೆಯನ್ನು, ಮಾದಪ್ಪನೆಂದು ಕರೆಯುವ ಮಹದೇಶ್ವರನ ಕಾವ್ಯದಲ್ಲಿ ಕೇಳುತ್ತ ಬೆಳೆದ ಅಲ್ಲಿಯ ಜನರು, ಆ ಪ್ರಸ್ತಾಪದ ವಿಷಯದಲ್ಲಿ ತಮ್ಮ ಗ್ರಾಮಸಭೆಗಳನ್ನು ಮೊದಲು ಕೇಳಬೇಕೆನ್ನುತ್ತಾರೆ.