ಸೀಟಿ ಊದುವವರ ಕಷ್ಟ ನಮಗೆ ತಿಳಿಯದೇ?

ಫುಟ್‌ಬಾಲ್ ಅಂದರೆ ಗಂಡಸರ ಹುಚ್ಚು ಎಂದು ಪುಟ ತಿರುವಿಬಿಡಬೇಡಿ! ಹೊಸಕೆರೆಹಳ್ಳಿಯ ನಮ್ಮ ಮನೆಯಲ್ಲಿ ಆ ಹುಚ್ಚು ಹೆಚ್ಚಾಗಿರುವುದು ನನಗೇ. ಕುಕ್ಕರ್ ಸೀಟಿಗಿಂತ ರೆಫರಿಯ ಸೀಟಿಗೆ ನನ್ನ ಕಿವಿ ಚುರುಕು ಅಂತ ನಮ್ಮತ್ತೆ ಹಾಸ್ಯ ಮಾಡ್ತಾರೆ.

2023ರ ಮಾರ್ಚ್ 3ರ ರಾತ್ರಿ ನಿಮಗೂ ನೆನಪಿರಬಹುದು. ಕಂಠೀರವ ಕ್ರೀಡಾಂಗಣದಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ಐಎಸ್‌ಎಲ್ ನಾಕೌಟ್ ಪಂದ್ಯ. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ನಮಗೊಂದು ಫ್ರೀ ಕಿಕ್ ಸಿಕ್ಕಿತು. ಎದುರಾಳಿಗಳು ಇನ್ನೂ ಗೋಡೆ ಕಟ್ಟಿ ನಿಲ್ಲುವಷ್ಟರಲ್ಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಸೇರಿಸಿಬಿಟ್ಟರು! ರೆಫರಿ ಗೋಲು ಎಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಸಿಟ್ಟಿಗೆದ್ದು ತಂಡವನ್ನೇ ಹೊರಗೆ ಕರೆದುಕೊಂಡು ಹೋದರು. ಗೆಲುವು ನಮ್ಮದಾಯಿತು. ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಬಿತ್ತು.

“ಗೋಡೆ ಕಟ್ಟುವ ತನಕ ಕಾಯಬೇಕು ಅಂತ ನಿಯಮವೇ ಇಲ್ಲ. ರೆಫರಿ ತಡೆಯದಿದ್ದರೆ ಬೇಗ ಒದೀಬಹುದು” ಅಂತ ನಾನು ಬೀಗಿದೆ. ಮಗಳು, “ಅಮ್ಮ, ಅವರು ನಮಗೆ ಹಾಗೆ ಮಾಡಿದ್ದರೆ?” ಎಂದಳು. ಗದರಿಸಿ ಸುಮ್ಮನಾಗಿಸಿದೆ.

2024ರ ಜೂನ್ 11ರಂದು ದೋಹಾದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ಛಾಂಗ್ಟೆಯ ಗೋಲಿನಿಂದ ನಾವೇ ಮುಂದಿದ್ದೆವು. ಗೆರೆ ದಾಟಿ ಹೋಗಿದ್ದ ಚೆಂಡನ್ನು ಒಳಗೆಳೆದು ಕತಾರ್‌ನವರು ಗೋಲು ಹೊಡೆದರು, ರೆಫರಿ ಒಪ್ಪಿಕೊಂಡರು! ವಿಡಿಯೋ ನೋಡಿ ತೀರ್ಪು ತಿದ್ದುವ ಅನುಕೂಲ ಆ ಪಂದ್ಯಕ್ಕಿರಲಿಲ್ಲ. 2-1ರಿಂದ ಸೋತು ಹೊರಬಿದ್ದೆವು. ವಾರದೊಳಗೆ ಕೋಚ್ ಇಗೊರ್ ಸ್ಟಿಮಾಚ್ ಅವರ ಕೆಲಸವೂ ಹೋಯಿತು. ನನಗೆ ಅನ್ನ ಸೇರಲಿಲ್ಲ.

ಮೊದಲನೆಯದು ನಿಯಮದೊಳಗಿನ ಜಾಣತನ, ಎರಡನೆಯದು ಶುದ್ಧ ತಪ್ಪು, ನಿಜ. ಆದರೂ ಮೋಸಹೋದೆವು ಎಂಬ ಸಂಕಟ ಎರಡು ಕಡೆಗೂ ಒಂದೇ ಅಲ್ಲವೇ?

ಸಂಕಟ ಎಂದು ಕೋಚ್ ಆದವರು ಹದ ತಪ್ಪಬಾರದು. ಇದೇ ಸ್ಟಿಮಾಚ್ 2023ರ ಜೂನ್ 21ರಂದು ಕಂಠೀರವದಲ್ಲಿ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ಕಿತ್ತು ಕೆಂಪು ಚೀಟಿ ಪಡೆದಿದ್ದರು. ಆಗ ನಾವು 2-0 ಮುಂದಿದ್ದೆವು! ಬೇಕಿತ್ತೇ ಅದು? ಮುಂದೆ ಕುವೈತ್ ಪಂದ್ಯದಲ್ಲೂ ಅದೇ ಕಥೆ. ಜುಲೈ 4ರ ಫೈನಲ್‌ನಲ್ಲಿ ಅವರಿಲ್ಲದೆಯೇ, ಸಹಾಯಕ ಮಹೇಶ್ ಗಾವ್ಳಿ ಉಸ್ತುವಾರಿಯಲ್ಲಿ, ಹುಡುಗರು ಕಪ್ ಗೆದ್ದರು.

2022ರ ವಿಶ್ವಕಪ್‌ನಲ್ಲಿ ಜರ್ಮನಿ–ಕೋಸ್ಟರಿಕಾ ಪಂದ್ಯಕ್ಕೆ ಸೀಟಿ ಹಿಡಿದು ನಿಂತವರು ಫ್ರಾನ್ಸಿನ ಸ್ಟೆಫನಿ ಫ್ರಾಪಾರ್. ಪುರುಷರ ವಿಶ್ವಕಪ್‌ಗೆ ಅವರೇ ಮೊದಲ ಮಹಿಳಾ ರೆಫರಿ. ನನಗೇನೂ ಆಶ್ಚರ್ಯವಾಗಲಿಲ್ಲ ಬಿಡಿ! ದಿನ ಬೆಳಗಾದರೆ ಮಕ್ಕಳ ಜಗಳಕ್ಕೆ ಸೀಟಿ ಊದುವವರು ನಾವೇ ಅಲ್ಲವೇ? ಒಮ್ಮೊಮ್ಮೆ ನಮ್ಮ ತೀರ್ಪೂ ತಪ್ಪುತ್ತದೆ. ಆಗ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ದೋಹಾ ಪಂದ್ಯದ ಮರುದಿನ ಮಗಳ ಜಡೆ ಹೆಣೆಯುತ್ತಾ, “ಅವತ್ತು ನೀನು ಕೇಳಿದ್ದು ಸರಿ ಕಣೇ” ಅಂದೆ. ಅವಳು ತಿರುಗಿ ನೋಡಿ ನಕ್ಕಳು. ಜಡೆ ಬಿಚ್ಚಿಹೋಯಿತು!