ನೋಡುಗರ ಕಣ್ಣು ಮೊದಲು ಹೋದದ್ದೆಲ್ಲಿಗೆ?

ಬೆಟ್ಟ, ಕೆರೆ, ಹಕ್ಕಿ, ಮಳೆಗಾಲದ ಘಟ್ಟ ಅಂತ ರಜೆ ಬಂದರೆ ಕ್ಯಾಮೆರಾ ಹೆಗಲಿಗೇರಿಸಿ ಹೊರಡುವ ಹವ್ಯಾಸಿಗಳಿಗೆ ನಮ್ಮಲ್ಲಿ ಬರವಿಲ್ಲ. ಬೆಳಕು ಅಳೆಯುವುದು, ಫೋಕಸ್ ಮಾಡುವುದು ಇವನ್ನೆಲ್ಲ ಇವತ್ತಿನ ಕ್ಯಾಮೆರಾವೇ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಆದರೆ ಫ್ರೇಮಿನೊಳಗೆ ಏನಿರಬೇಕು, ಎಲ್ಲಿರಬೇಕು, ಏನನ್ನು ಹೊರಗೆ ಬಿಡಬೇಕು ಎನ್ನುವ ತೀರ್ಮಾನ ಮಾತ್ರ ಇನ್ನೂ ತೆಗೆಯುವವರದ್ದೇ. ಕಂಪೋಸಿಷನ್ ಎಂದರೆ ಅದೇ. ಪುಸ್ತಕ ಓದಿ ಅದರ ಸೂತ್ರಗಳನ್ನು ತಿಳಿಯಬಹುದು. ಕೈಗೆ ಹತ್ತಬೇಕಾದರೆ ಮಾತ್ರ ತೆಗೆದ ಚಿತ್ರವನ್ನು ಬಲ್ಲವರ ಮುಂದಿಟ್ಟು, ಅವರು ಹೇಳಿದ್ದನ್ನು ಕಿವಿಗೊಟ್ಟು ಕೇಳಬೇಕು.

ಹೀಗೆ ಕೇಳಿ ಕಲಿಯುವ ಪದ್ಧತಿಗೆ ಕರ್ನಾಟಕದಲ್ಲಿ ಒಳ್ಳೆಯ ಪರಂಪರೆಯೇ ಇದೆ. ವನ್ಯಜೀವಿ ಛಾಯಾಗ್ರಹಣದಲ್ಲಿ ದೇಶಕ್ಕೇ ಹೆಸರಾಗಿದ್ದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಅವರು ಓ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿದವರು. ಮುಂದೆ ಪೆರುಮಾಳ್ ಅವರೇ ಹಲವು ಕಿರಿಯರಿಗೆ ಗುರುವಾದರು. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಅವರ ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳೂ ಹವ್ಯಾಸದಿಂದಲೇ ಹುಟ್ಟಿದವು. 1971ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ, ಹವ್ಯಾಸಿಗಳಿಗೆ ಒಂದೆಡೆ ಕೂತು ಚಿತ್ರ ನೋಡಿ ಮಾತಾಡುವ ಜಾಗ ಮಾಡಿಕೊಟ್ಟ ಸಂಘಗಳಲ್ಲಿ ಮುಖ್ಯವಾದದ್ದು.

ಇಂಥ ಸಂಘಗಳೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಸಲೋನ್, ಅಂದರೆ ಸ್ಪರ್ಧೆಯ ಪ್ರದರ್ಶನ. ಅಲ್ಲಿ ಸಾಮಾನ್ಯವಾಗಿ ಮೂವರು ತೀರ್ಪುಗಾರರು. ಚಿತ್ರ ಕೆಲವೇ ಸೆಕೆಂಡು ಕಾಣಿಸಿಕೊಳ್ಳುತ್ತದೆ, ಅಂಕ ಬೀಳುತ್ತದೆ, ಮುಂದಿನ ಚಿತ್ರ ಬರುತ್ತದೆ. ಅಂಕ ನೋಡಿ ಚಿತ್ರ ಗೆದ್ದಿತೋ ಸೋತಿತೋ ಗೊತ್ತಾಗುತ್ತದೆ, ಯಾಕೆ ಎನ್ನುವುದು ಗೊತ್ತಾಗುವುದಿಲ್ಲ. ಕಲಿಯುವವರಿಗೆ ಬೇಕಾದದ್ದು ಆ ‘ಯಾಕೆ’. ಅದಕ್ಕೆ ಒಂದೇ ಚಿತ್ರದ ಮುಂದೆ ಐದು ನಿಮಿಷ ಕೂರುವ ವ್ಯವಧಾನ ಬೇಕು.

ಒಂದು ಚಿತ್ರವನ್ನು ಹಾಗೆ ನೋಡೋಣ. ಬೆಳಗಿನ ಜಾವ ಹಂಪಿಯ ಮಾತಂಗ ಪರ್ವತ ಹತ್ತಿದವರೆಲ್ಲ ನೆತ್ತಿಯ ಮೇಲಿಂದ ಉತ್ತರಕ್ಕೆ ತಿರುಗಿ, ಕೆಳಗಿನ ಅಚ್ಯುತರಾಯ ದೇವಸ್ಥಾನದ ಚಿತ್ರ ತೆಗೆಯುತ್ತಾರೆ. ಹೊಸಬರ ಚಿತ್ರದಲ್ಲಿ ದೇವಸ್ಥಾನ ನಟ್ಟನಡುವೆ ಇರುತ್ತದೆ, ದಿಗಂತವೂ ನಡುವೆ. ಮೇಲಿನ ಅರ್ಧ ಬರೀ ಬಿಳಿಚಿದ ಆಕಾಶ. ತೆಗೆದವರಿಗೆ ಆ ಚಿತ್ರ ಜೀವ. ಕತ್ತಲಲ್ಲಿ ಟಾರ್ಚ್ ಹಿಡಿದು ಬಂಡೆ ಹತ್ತಿದ್ದು, ನೆತ್ತಿಯ ಮೇಲಿನ ಗಾಳಿ, ಮಂಜು ಸರಿದು ಗೋಪುರ ಕಂಡ ಗಳಿಗೆ, ಎಲ್ಲವೂ ಅವರಿಗೆ ಅದರೊಳಗೆ ಕಾಣುತ್ತದೆ. ನೋಡುವವರು ಬೆಟ್ಟ ಹತ್ತಿಲ್ಲ. ಅವರಿಗೆ ಸಿಗುವುದು ನಾಲ್ಕು ಅಂಚುಗಳ ಒಳಗೆ ಇರುವುದಷ್ಟೇ. ಈ ಅಂತರವನ್ನು ತೆಗೆದವರು ತಾವಾಗಿಯೇ ಅಳೆಯುವುದು ಬಲು ಕಷ್ಟ, ಅದಕ್ಕೇ ಇನ್ನೊಬ್ಬರ ಕಣ್ಣು ಬೇಕು.

ಪಳಗಿದವರು ಆ ಚಿತ್ರ ನೋಡಿ ‘ಚೆನ್ನಾಗಿಲ್ಲ’ ಎನ್ನುವುದಿಲ್ಲ. ತಮ್ಮ ಕಣ್ಣು ಓಡಾಡಿದ ದಾರಿ ಹೇಳುತ್ತಾರೆ. ‘ಮೊದಲು ಬಲಗಡೆ ಕೆಳಮೂಲೆಯ ಬಂಡೆ ಕಂಡಿತು. ಅರ್ಧ ತುಂಡಾಗಿದೆ, ಬಿಸಿಲು ಬಿದ್ದು ಬೆಳ್ಳಗಾಗಿದೆ. ಅಲ್ಲಿಂದ ದೇವಸ್ಥಾನಕ್ಕೆ ಬಂದೆ. ಆಮೇಲೆ ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ.’ ಇಷ್ಟು ಕೇಳಿದರೆ ಸಾಕು, ಮುಂದಿನ ಕೆಲಸ ಹೊಳೆಯುತ್ತದೆ. ಕಣ್ಣಿಗೆ ಹೋಗಲು ದಾರಿ ಅಲ್ಲೇ ಇದೆ. ದೇವಸ್ಥಾನದ ಮುಂದಿನಿಂದ ತುಂಗಭದ್ರೆಯ ಕಡೆಗೆ ಕಂಬಸಾಲುಗಳ ಹಳೆಯ ಬಜಾರು ಹಾದುಹೋಗುತ್ತದೆ. ಸ್ವಲ್ಪ ಜೂಮ್ ಮಾಡಿ ಬಂಡೆಯನ್ನು ಹೊರಗಿಟ್ಟು, ಆಕಾಶವನ್ನು ಮೇಲೆ ಒಂದು ಪಟ್ಟಿಯಷ್ಟಕ್ಕೆ ಇಳಿಸಿದರೆ, ನೋಟ ದೇವಸ್ಥಾನದಿಂದ ಬಜಾರಿಗೆ, ಬಜಾರಿನಿಂದ ನದಿಯ ಕಡೆಗೆ ಸಾಗುತ್ತದೆ.

ಇನ್ನೂ ಅನುಭವಿಗಳಾದರೆ ಬೆಳಕಿನ ಮಾತು ತೆಗೆಯುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟುತ್ತಾನೆ. ಉತ್ತರಕ್ಕೆ ಮುಖ ಮಾಡಿ ನಿಂತವರ ಬಲಹೆಗಲ ಹಿಂದಿನಿಂದ ಬೆಳಕು ಬಂದು ಗೋಪುರದ ಮೈ ತೋರಿಸುತ್ತದೆ. ಮೇ, ಜೂನ್‌ನಲ್ಲಿ ಈಶಾನ್ಯದ ಸೂರ್ಯ ಬಲಗಡೆ ಮುಂದಿನಿಂದ ಬರುತ್ತಾನೆ. ಅದೇ ಗೋಪುರ ಆಗ ಕಪ್ಪು ಆಕಾರವಾಗಿ, ಅಂಚಿಗಷ್ಟೇ ಬೆಳಕು ಹಚ್ಚಿಕೊಂಡು ನಿಲ್ಲುತ್ತದೆ. ಯಾವುದು ಬೇಕು ಎನ್ನುವುದು ತೆಗೆಯುವವರಿಗೆ ಬಿಟ್ಟದ್ದು. ಕಂಪೋಸಿಷನ್ ವಿಮರ್ಶೆ ಹೀಗೆ ‘ಇಲ್ಲಿ ಕತ್ತರಿಸಿ’ ಎಂಬಲ್ಲಿಗೆ ನಿಲ್ಲದೆ, ‘ಯಾವ ತಿಂಗಳು ಮತ್ತೆ ಹೋಗುತ್ತೀರಿ’ ಎನ್ನುವಲ್ಲಿಗೆ ಬಂದರೆ ಅದು ನಿಜವಾಗಿ ಫಲಕೊಟ್ಟಂತೆ.

ಪ್ರಿಂಟ್‌ಗಳ ಕಾಲದಲ್ಲಿ ಇದಕ್ಕೊಂದು ಸರಳ ಸಾಧನವಿತ್ತು. ‘ಎಲ್’ ಅಕ್ಷರದ ಆಕಾರಕ್ಕೆ ಕತ್ತರಿಸಿದ ಎರಡು ರಟ್ಟಿನ ತುಂಡು. ಒಂದಕ್ಕೊಂದು ಎದುರುಬದುರಾಗಿ ಪ್ರಿಂಟಿನ ಮೇಲಿಟ್ಟರೆ ಒಂದು ಕಿಟಕಿಯಾಗುತ್ತದೆ. ಅವನ್ನು ಸರಿಸಿದ ಹಾಗೆ ಕಿಟಕಿ ಹಿಗ್ಗುತ್ತದೆ, ಕುಗ್ಗುತ್ತದೆ. ಎಡಗಡೆಯ ಕೊಂಬೆ ಮರೆಯಾದ ಕೂಡಲೇ ಹಕ್ಕಿಗೆ ಜೀವ ಬರುವುದನ್ನು ಮಾತೇ ಇಲ್ಲದೆ ತೋರಿಸಬಹುದಿತ್ತು. ಮೊಬೈಲಿನಲ್ಲಿ ಬೆರಳಿನಿಂದ ಕ್ರಾಪ್ ಮಾಡುವುದೂ ಅದೇ ಕೆಲಸ. ಆದರೂ ಹೊಸಬರು ಒಮ್ಮೆ ರಟ್ಟು ಕತ್ತರಿಸಿ ನೋಡಬೇಕೆಂದು ನನ್ನ ಆಸೆ. ಪೂರ್ತಿ ಚಿತ್ರ ಕೆಳಗೆ ಹಾಗೇ ಉಳಿದಿರುವುದರಿಂದ ಧೈರ್ಯವಾಗಿ ಹತ್ತು ರೀತಿ ಇಟ್ಟು ನೋಡಬಹುದು.

ನಿಸರ್ಗ ಚಿತ್ರಗಳಲ್ಲಿ ಈ ಕಿಟಕಿಗೆ ಹೆಚ್ಚಿನ ಬೆಲೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಎಫ್‌ಐಎಪಿಯ ನಿಯಮದಂತೆ ನಿಸರ್ಗ ವಿಭಾಗದ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಒಳಗಿರುವುದನ್ನು ಅಳಿಸುವಂತಿಲ್ಲ. ಬೇಡದ್ದನ್ನು ಬಿಡಬೇಕಾದರೆ ಅಂಚು ಕತ್ತರಿಸಬಹುದು, ಅಷ್ಟೆ. ಮಿಂಚುಳ್ಳಿಯ ಕೊಕ್ಕಿಗೆ ಅಡ್ಡ ಬಂದ ಜೊಂಡಿನ ಕಡ್ಡಿಯನ್ನು ಮನೆಗೆ ಬಂದು ತೆಗೆಯಲಾಗದು. ಕೆರೆಯ ಏರಿಯ ಮೇಲೆ ನಿಂತಾಗಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕಿತ್ತು, ಇಲ್ಲವೇ ಮಂಡಿಯೂರಬೇಕಿತ್ತು. ವಿಮರ್ಶೆ ಕೇಳಿಸಿಕೊಂಡವರಿಗೆ ಮುಂದಿನ ಸಲ ಆ ಹೆಜ್ಜೆ ತಾನಾಗಿ ಬರುತ್ತದೆ.

ಇನ್ನು ಮೂರನೇ ಒಂದರ ಸೂತ್ರ, ಅಂದರೆ ದಿಗಂತವನ್ನೋ ಮುಖ್ಯ ವಸ್ತುವನ್ನೋ ನಟ್ಟನಡುವೆ ಇಡದೆ ಫ್ರೇಮಿನ ಮೂರನೇ ಒಂದು ಭಾಗದ ಗೆರೆಯ ಮೇಲಿಡಬೇಕು ಎನ್ನುವುದು. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ 1797ರಲ್ಲಿ, ಫೋಟೊ ಹುಟ್ಟುವ ಮೊದಲೇ, ಗ್ರಾಮೀಣ ದೃಶ್ಯಗಳ ಕುರಿತ ತಮ್ಮ ಪುಸ್ತಕದಲ್ಲಿ ಇದಕ್ಕೆ ಹೆಸರಿಟ್ಟರು. ಶುರು ಮಾಡುವವರಿಗೆ ಒಳ್ಳೆಯ ಆಸರೆ ಅದು. ಆದರೆ ಎಲ್ಲ ಚಿತ್ರಕ್ಕೂ ಅದನ್ನೇ ಹೇಳಿ ಮುಗಿಸುವವರು ಚಿತ್ರ ನೋಡುತ್ತಿಲ್ಲ. ಗಾಳಿಯಿಲ್ಲದ ಬೆಳಗ್ಗೆ ಕೆರೆಯಲ್ಲಿ ಬೆಟ್ಟದ ಪ್ರತಿಬಿಂಬ ಪೂರ್ತಿ ಮೂಡಿದಾಗ ನಡುವಿನ ದಿಗಂತವೇ ಸರಿ.

ಕೇಳುವವರಿಗೂ ಒಂದಿಷ್ಟು ಶಿಸ್ತು ಬೇಕು. ಅತ್ಯುತ್ತಮ ಎನಿಸಿದ ಒಂದನ್ನೇ ಒಯ್ಯದೆ, ಅದೇ ಜಾಗದ ಎರಡು ಮೂರು ಫ್ರೇಮ್ ಒಯ್ಯಿರಿ. ಚಿತ್ರದ ಕತೆ ಮೊದಲೇ ಹೇಳಬೇಡಿ. ‘ಹೇಗಿದೆ?’ ಎಂದು ಕೇಳಿದರೆ ‘ಸೂಪರ್’ ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ‘ಮೊದಲು ಏನು ಕಂಡಿತು?’ ಎಂದು ಕೇಳಿ. ಉತ್ತರ ಬರುವಾಗ ಸಮರ್ಥನೆಗೆ ಇಳಿಯಬೇಡಿ. ಎಲ್ಲ ಕೇಳಿದ ಮೇಲೆ ನೀವು ತೋರಿಸಬೇಕೆಂದಿದ್ದು ಏನು ಅಂತ ಹೇಳಿ. ಆ ಎರಡರ ನಡುವೆ ಎಷ್ಟು ದೂರವಿದೆಯೋ ಅಷ್ಟು ಕೆಲಸ ಬಾಕಿ.

ಕೂತು ನೋಡುವ ಗುಂಪಿನಲ್ಲಿ ಹಿರಿಯರು ಮೊದಲು ಬಾಯಿ ತೆರೆದರೆ ಉಳಿದವರೆಲ್ಲ ‘ಹೌದು ಸಾರ್’ ಎನ್ನುತ್ತಾರೆ, ಅವರವರ ಕಣ್ಣು ಏನು ಕಂಡಿತೋ ಅದು ಹೊರಗೆ ಬರುವುದೇ ಇಲ್ಲ. ಹೊಸಬರನ್ನು ಮೊದಲು ಮಾತಾಡಿಸಿ, ಹಿರಿಯರು ಕೊನೆಗೆ ಮಾತಾಡುವ ಗುಂಪು ನಿಮ್ಮೂರಲ್ಲಿದ್ದರೆ ಹುಡುಕಿಕೊಂಡು ಹೋಗಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಶುರುಮಾಡಿ. ಬೇಕಾದದ್ದು ಬೆಳಕಿರುವ ಒಂದು ಕೋಣೆ ಮತ್ತು ಪ್ರತಿಯೊಬ್ಬರ ಒಂದೊಂದು ಪ್ರಿಂಟ್.