ಬೇಕರಿ ಓವನ್ ಸಾಗಿಸಲು ತೋಳ್ಬಲವೊಂದೇ ಸಾಕೇ?

ಇಟ್ಟಿಗೆಯ ಸೌದೆ ಗೂಡುಗಳ ಕಾಲದಲ್ಲಿ ಬೇಕರಿ ಜಾಗ ಬದಲಿಸಿದರೆ ಗೂಡು ಅಲ್ಲೇ ಉಳಿಯುತ್ತಿತ್ತು. ಈಗಿನ ಡೆಕ್ ಓವನ್ ಹಾಗಲ್ಲ, ಮಾಲೀಕರ ಹಿಂದೆಯೇ ಊರೂರು ಸುತ್ತುತ್ತದೆ. ಅದರ ಜೊತೆ ಕೆಲವು ತಪ್ಪು ನಂಬಿಕೆಗಳೂ ಸುತ್ತುತ್ತಿವೆ.

‘ಗಟ್ಟಿಮುಟ್ಟಾದ ಐದಾರು ಆಳಿದ್ದರೆ ಮುಗೀತು’ ಎನ್ನುವುದು ಮೊದಲನೆಯದು. ಓವನ್ನಿನಲ್ಲಿ ಹಿಡಿದೆತ್ತಲು ಸರಿಯಾದ ಜಾಗವೇ ಇರುವುದಿಲ್ಲ. ಕೈಗೆ ಸಿಗುವುದು ಬಾಗಿಲಿನ ಹಿಡಿ. ಅದನ್ನು ಹಿಡಿದು ಎಳೆದರೆ ಕೀಲು ಸೊಟ್ಟಗಾಗಿ ಆಮೇಲೆ ದಿನವೂ ಬಿಸಿ ಸೋರುತ್ತದೆ. ಡೆಕ್ ಮೇಲೆ ಡೆಕ್ ಕೂತ ಓವನ್ ಒಮ್ಮೆ ವಾಲಿತೆಂದರೆ ಎಷ್ಟು ಜನ ಒತ್ತಿಹಿಡಿದರೂ ನಿಲ್ಲುವುದು ಕಷ್ಟ. ಮೆಟ್ಟಿಲಲ್ಲಿ ಕೆಳಗೆ ನಿಂತವನ ಗತಿ ಹೇಳಬೇಕಿಲ್ಲ. ಆದ್ದರಿಂದ ಹಿಂದಿನ ದಿನವೇ ಓವನ್ ಆರಿಸಿ. ಒಳಗಿನ ಕಲ್ಲು ಗಂಟೆಗಟ್ಟಲೆ ಬಿಸಿ ಹಿಡಿದಿರುತ್ತದೆ. ಟ್ರೇ, ಕಲ್ಲು, ಬಿಚ್ಚಲು ಬರುವ ಡೆಕ್ ಎಲ್ಲ ಬೇರೆ ಮಾಡಿ, ಉಳಿದದ್ದನ್ನು ಪ್ಯಾಲೆಟ್ ಟ್ರಾಲಿಗೆ ಬೆಲ್ಟಿನಿಂದ ಬಿಗಿದು ಸಾಗಿಸಿ.

ಬಾಗಿಲು, ತಿರುವುಗಳನ್ನು ಟೇಪ್ ಹಿಡಿದು ಅಳೆಯುವುದು ಗಾಡಿ ಕರೆಯುವ ಮೊದಲಿನ ಕೆಲಸ. ಅಳೆಯದೆ ತಂದವರೇ ಕೊನೆಗೆ ‘ಮಲಗಿಸಿ ನೂಕ್ರೋ’ ಎನ್ನುವುದು. ಮಲಗಿಸಿದರೆ ಕಲ್ಲು ಬಿರಿಯಬಹುದು, ಬರ್ನರ್ ಜಾಗ ಬಿಡಬಹುದು. ಹೊರಗಿನಿಂದ ನೋಡಿದರೆ ಇದೊಂದೂ ಗೊತ್ತಾಗುವುದಿಲ್ಲ.

ಹೆಚ್ಚು ಅಪಾಯದ ನಂಬಿಕೆ ಗ್ಯಾಸಿನದು: ‘ಮೇಲೆ ಎಕ್ಸಾಸ್ಟ್ ಫ್ಯಾನ್ ಇದೆ, ಸೋರಿದರೂ ಹೊರಗೆ ಹೋಗುತ್ತೆ.’ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ್ದು ಮೇಲೇರದೆ ನೆಲದಲ್ಲಿ, ಚರಂಡಿಯಲ್ಲಿ, ಬೇಸ್‌ಮೆಂಟಿನಲ್ಲಿ ಮಡುಗಟ್ಟುತ್ತದೆ. ವಾಸನೆ ಬಂತೆಂದು ಅದೇ ಫ್ಯಾನಿನ ಸ್ವಿಚ್ ಒತ್ತಿದರೆ ಆ ಕಿಡಿಯೇ ಸಾಕು. ಗಾಳಿಕಿಂಡಿ ನೆಲಮಟ್ಟದಲ್ಲೂ ಇರಬೇಕು. 19 ಕೆಜಿ ಸಿಲಿಂಡರನ್ನು ಬೇಸ್‌ಮೆಂಟಿನಲ್ಲಿ ಇಡಕೂಡದು, ಎಲ್ಲೇ ಇಟ್ಟರೂ ನೆಟ್ಟಗೇ ನಿಲ್ಲಿಸಬೇಕು. ಹಳೆಯ ಹೋಸ್ ಪೈಪ್ ಎಸೆದುಬಿಡಿ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಬೆಂಕಿಕಡ್ಡಿ ಗೀರಿ ನೋಡುವವರು ಇಂದಿಗೂ ಇದ್ದಾರೆಂಬುದೇ ಆಶ್ಚರ್ಯ.

‘ಕರೆಂಟಿನದಾದರೆ ಪ್ಲಗ್ ಹಾಕಿದರಾಯ್ತು’ ಎನ್ನುವವರು ಲೆಕ್ಕ ಮಾಡಲಿ. 9 ಕಿಲೋವ್ಯಾಟ್ ಓವನ್ 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ ಸುಮಾರು 39 ಆಂಪಿಯರ್ ಎಳೆಯುತ್ತದೆ. ಪವರ್ ಪ್ಲಗ್ ತಡೆಯುವುದು 16. ಅದಕ್ಕೇ ತ್ರೀ ಫೇಸ್, ಪ್ರತ್ಯೇಕ ಎಂಸಿಬಿ, ಒಳ್ಳೆಯ ಅರ್ಥಿಂಗ್ ಬೇಕು.

ಗೋಡೆಗೆ ಒತ್ತಿ ಇಟ್ಟರೆ ಜಾಗ ಉಳಿಯುತ್ತದೆ, ನಿಜ. ಆದರೆ ಬಿಸಿ ಹೊರಹೋಗಲು ದಾರಿ ಇರುವುದಿಲ್ಲ; ಎಷ್ಟು ಅಂತರ ಬೇಕೆಂದು ಓವನ್ನಿನ ಜೊತೆ ಬಂದ ಕೈಪಿಡಿಯಲ್ಲಿರುತ್ತದೆ. ರಸಮಟ್ಟ ಇಟ್ಟು ನೋಡದಿದ್ದರೆ ಕೇಕ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ.

ಕೊನೆಯದಾಗಿ, ಮುಹೂರ್ತಕ್ಕೆ ಓವನ್ ಉರಿಯಲೇಬೇಕೆಂಬ ಹಟ. ಹಾಲುಕ್ಕಿಸಲು ಸಣ್ಣ ಒಲೆ ಸಾಕು. ಗ್ಯಾಸ್ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್ ಬಂದು ನೋಡಿ ಒಪ್ಪಿದ ಮೇಲೆಯೇ ಓವನ್ ಹಚ್ಚಿ, ಅದು ಮಾರನೆಯ ದಿನವಾದರೂ ಸರಿ.